ಸಾಕುಪ್ರಾಣಿ ಪ್ರಶ್ನೋತ್ತರ: ನಾಳೆಯವರೆಗೆ ಕಾಯಬಹುದೇ?

ಈ ಬಾರಿ ಬಂದ ಪತ್ರಗಳಲ್ಲಿ ಕಾಯಿಲೆಗಳು ಬೇರೆ ಬೇರೆಯಾಗಿದ್ದರೂ, ಹೆಚ್ಚಿನವರು ಕೊನೆಯಲ್ಲಿ ಕೇಳಿರುವ ಮಾತು ಒಂದೇ: ಈಗಲೇ ವೈದ್ಯರ ಬಳಿಗೆ ಕರೆದೊಯ್ಯಬೇಕೇ ಅಥವಾ ನಾಳೆಯವರೆಗೆ ನೋಡಬಹುದೇ? ಪಶುವೈದ್ಯನಾಗಿ ನಾನು ಕಂಡಿರುವ ಸಾವುಗಳಲ್ಲಿ ಎಷ್ಟೋ ಸಾವುಗಳು ಔಷಧಿಯಿಲ್ಲದ ಕಾಯಿಲೆಗಳಿಂದ ಆದವಲ್ಲ, ಒಂದೆರಡು ದಿನ ತಡವಾಗಿ ಬಂದದ್ದರಿಂದ ಆದವು. ಆದ್ದರಿಂದ ಪ್ರತಿ ಉತ್ತರದಲ್ಲಿಯೂ ಎಷ್ಟು ಹೊತ್ತು ಕಾಯಬಹುದು ಎಂಬುದನ್ನು ಸ್ಪಷ್ಟವಾಗಿ ಹೇಳಲು ಪ್ರಯತ್ನಿಸಿದ್ದೇನೆ. ಪತ್ರಿಕೆ ಕೈಸೇರುವ ಹೊತ್ತಿಗೆ ವಾರಗಳೇ ಕಳೆದಿರುವುದರಿಂದ, ತುರ್ತೆಂದು ತೋರಿದ ಪತ್ರಗಳಿಗೆ ಕೂಡಲೇ ಉತ್ತರ ಕಳುಹಿಸಲಾಗಿದೆ; ಅದೇ ಸ್ಥಿತಿ ಎದುರಾಗಬಹುದಾದ ಇತರರಿಗಾಗಿ ಅವುಗಳನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಪ್ರಶ್ನೆ: ನಮ್ಮದು ತೋಟದ ಮನೆ. ನಾಲ್ಕು ವರ್ಷದ ನಾಟಿ ನಾಯಿ ಎರಡು ದಿನದಿಂದ ಅನ್ನ ಮುಟ್ಟುತ್ತಿಲ್ಲ, ಜಗಲಿಯ ಮೂಲೆಯಲ್ಲಿ ಮಲಗಿಯೇ ಇರುತ್ತದೆ. ಇಂದು ಬೆಳಿಗ್ಗೆ ಮೂಗಿನಿಂದ ಎರಡು ಹನಿ ರಕ್ತ ಬಿತ್ತು. ಮೈಯಲ್ಲಿ ಉಣ್ಣೆ ಮೊದಲಿನಿಂದಲೂ ಇದೆ, ಅದೇನೂ ಹೊಸದಲ್ಲ. ಉಷ್ಣವಾಗಿರಬಹುದೆಂದು ಮನೆಯಲ್ಲಿ ಮಜ್ಜಿಗೆ ಕುಡಿಸಿದ್ದಾರೆ. ಕಾದು ನೋಡಬಹುದೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕಾಯಬೇಡಿ, ಇಂದೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಮೂಗಿನಿಂದ ರಕ್ತ ಬೀಳುವುದು ಉಷ್ಣದಿಂದಲ್ಲ. ಉಣ್ಣೆಯಿರುವ ನಾಯಿ ಊಟ ಬಿಟ್ಟು, ಮಂಕಾಗಿ, ಮೂಗಿನಲ್ಲಿ ರಕ್ತ ಸುರಿಸಿದರೆ ನಾವು ಮೊದಲು ಸಂಶಯಪಡುವುದು ಉಣ್ಣೆ ಜ್ವರವನ್ನು. ಎರ್ಲಿಕಿಯಾ ಎಂಬ ಸೂಕ್ಷ್ಮಾಣು ಉಣ್ಣೆಯ ಎಂಜಲಿನ ಮೂಲಕ ನಾಯಿಯ ರಕ್ತಕ್ಕೆ ಸೇರಿ ಬಿಳಿ ರಕ್ತಕಣಗಳೊಳಗೆ ನೆಲೆಸುತ್ತದೆ; ಕ್ರಮೇಣ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳ ಸಂಖ್ಯೆ ಕುಸಿಯುತ್ತದೆ. ಮೂಗಿನ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕಾಣುವ ಸಣ್ಣ ಕೆಂಪು ಚುಕ್ಕೆಗಳು, ಕಪ್ಪಗಿನ ಮಲ, ಇವೆಲ್ಲವೂ ಆ ಕುಸಿತದ ಗುರುತುಗಳು. ಅದೇ ಉಣ್ಣೆಯಿಂದ ಬರುವ ಬೆಬೀಸಿಯಾ ಎಂಬ ಇನ್ನೊಂದು ರೋಗ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ, ಆಗ ಮೂತ್ರ ಚಹಾದ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ.

ಹೊರಡುವ ಮೊದಲು ಒಂದು ಕೆಲಸ ಮಾಡಿ. ನಾಯಿಯ ಮೇಲ್ತುಟಿಯನ್ನು ನಿಧಾನವಾಗಿ ಎತ್ತಿ, ಕೋರೆಹಲ್ಲಿನ ಮೇಲಿನ ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ವಸಡು ಒತ್ತುವ ಮೊದಲೇ ಸುಣ್ಣದಂತೆ ಬಿಳಿಚಿಕೊಂಡಿದ್ದರೆ ರಕ್ತ ಬಹಳ ಕಡಿಮೆಯಾಗಿದೆ ಎಂದರ್ಥ, ಆಗ ಗಂಟೆಗಳ ಲೆಕ್ಕವೂ ಮುಖ್ಯ. ಹಳದಿಯಾಗಿದ್ದರೆ ಕಾಮಾಲೆ. ಕೆಲವು ನಾಯಿಗಳಿಗೆ ವಸಡು ಹುಟ್ಟಿನಿಂದಲೇ ಕಪ್ಪಗಿರುತ್ತದೆ, ಅಂಥವುಗಳಲ್ಲಿ ಕೆಳರೆಪ್ಪೆಯ ಒಳಭಾಗವನ್ನು ನೋಡಬೇಕು. ನಿಮ್ಮ ನಾಯಿ ಆರೋಗ್ಯವಾಗಿರುವಾಗ ವಸಡು ಹೇಗಿರುತ್ತದೆ ಎಂಬುದನ್ನು ಒಮ್ಮೆ ನೋಡಿಟ್ಟುಕೊಂಡಿರದಿದ್ದರೆ ಈ ಪರೀಕ್ಷೆಯಿಂದ ಹೆಚ್ಚು ಪ್ರಯೋಜನವಿಲ್ಲ. ಇದನ್ನು ಓದುತ್ತಿರುವ ಎಲ್ಲರೂ ಇಂದು ಸಂಜೆಯೇ ತಮ್ಮ ನಾಯಿಯ ತುಟಿ ಎತ್ತಿ ಒಮ್ಮೆ ನೋಡಿಕೊಳ್ಳಬೇಕೆಂಬುದು ನನ್ನ ಕೋರಿಕೆ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಎರ್ಲಿಕಿಯಾಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನ ಕೊಡುತ್ತಾರೆ. ಮೂರ್ನಾಲ್ಕು ದಿನಗಳಲ್ಲಿ ನಾಯಿ ಎದ್ದು ಬಾಲ ಅಲ್ಲಾಡಿಸುತ್ತದೆ, ಮನೆಯವರು ಮಾತ್ರೆ ನಿಲ್ಲಿಸುತ್ತಾರೆ, ಕೆಲವು ತಿಂಗಳ ನಂತರ ಅದೇ ರೋಗ ಮೂಳೆಯ ಮಜ್ಜೆಯನ್ನು ಹಿಡಿದು ಮರಳುತ್ತದೆ. ಇದನ್ನು ನಾನು ಎಷ್ಟು ಬಾರಿ ನೋಡಿದ್ದೇನೆಂದರೆ, ಈಗ ಔಷಧಿ ಚೀಟಿಯಲ್ಲಿ ಕೊನೆಯ ಮಾತ್ರೆಯ ತಾರೀಖನ್ನೂ ಬರೆದೇ ಕೊಡುತ್ತೇನೆ. ಬೆಬೀಸಿಯಾಕ್ಕೆ ಬೇರೆಯೇ ಔಷಧಿ ಬೇಕಾಗುವುದರಿಂದ, ಪರೀಕ್ಷೆಯಿಲ್ಲದೆ ಪಕ್ಕದ ಮನೆಯ ನಾಯಿಗೆ ಕೊಟ್ಟ ಮಾತ್ರೆಯನ್ನೇ ತಂದು ಕೊಡುವುದು ಸರಿಯಲ್ಲ.

"ಉಣ್ಣೆ ಹೊಸದಲ್ಲ" ಎಂದು ಬರೆದಿದ್ದೀರಿ, ನನಗೆ ಹೆಚ್ಚು ಕಳವಳ ತಂದದ್ದು ಆ ಮಾತೇ. ನಾಯಿಯ ಮೈಮೇಲೆ ಕಾಣುವ ಉಣ್ಣೆಗಳು ಇರುವುದರಲ್ಲಿ ಒಂದು ಪಾಲು ಮಾತ್ರ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ಕೆಳಗೆ ಬಿದ್ದು, ಗೋಡೆಯ ಬಿರುಕು, ಗೋಣಿಚೀಲದ ಮಡಿಕೆ, ಜಗಲಿಯ ಕಟ್ಟೆಯ ಸಂದು ಸೇರಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ನಾಯಿಗೆ ಎಷ್ಟೇ ಔಷಧಿ ಹಾಕಿದರೂ ಮಲಗುವ ಜಾಗ ಶುಚಿಯಾಗದಿದ್ದರೆ ಉಣ್ಣೆ ಹೋಗುವುದಿಲ್ಲ. ಬೆರಳಿನಲ್ಲಿ ಹಿಸುಕಬೇಡಿ, ಸೀಮೆಎಣ್ಣೆ ಹಚ್ಚಬೇಡಿ. ಮಲೆನಾಡಿನವರಿಗೆ ಇನ್ನೊಂದು ಕಾರಣಕ್ಕೂ ಈ ಎಚ್ಚರಿಕೆ ಅಗತ್ಯ: 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಹರಡುವುದೂ ಉಣ್ಣೆಯೇ. ಅದು ಮನೆಯ ನಾಯಿಯ ಉಣ್ಣೆಗಿಂತ ಬೇರೆ ಜಾತಿಯ ಕಾಡಿನ ಉಣ್ಣೆಯಾದರೂ, ಕಾಡಿಗೆ ಹೋಗಿ ಬರುವ ನಾಯಿ ಅದನ್ನು ಅಂಗಳಕ್ಕೆ ತರಬಲ್ಲದು. ಮನೆಯಲ್ಲಿ ಬೆಕ್ಕಿದ್ದರೆ ನಾಯಿಯ ಉಣ್ಣೆ ಔಷಧಿ ಅದಕ್ಕೆ ಸೋಂಕದಂತೆ ನೋಡಿಕೊಳ್ಳಿ. ಅಂಥ ಕೆಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಪ್ರಶ್ನೆ: ನಾಲ್ಕು ವರ್ಷದ ಗಂಡು ಬೆಕ್ಕು ನಿನ್ನೆ ಸಂಜೆಯಿಂದ ಮತ್ತೆ ಮತ್ತೆ ಮರಳಿನ ತಟ್ಟೆಯಲ್ಲಿ ಕುಳಿತು ಮುಕ್ಕುತ್ತಿದೆ, ಏನೂ ಬರುತ್ತಿಲ್ಲ. ಮಲಬದ್ಧತೆ ಇರಬೇಕೆಂದು ಸ್ವಲ್ಪ ಹರಳೆಣ್ಣೆ ಕುಡಿಸಿದೆವು. ಎಷ್ಟು ದಿನದಲ್ಲಿ ಸರಿಹೋಗುತ್ತದೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಇದು ಮಲಬದ್ಧತೆಯೆಂದು ತೀರ್ಮಾನಿಸುವ ಮೊದಲು ಬೆಕ್ಕು ಕೊನೆಯ ಬಾರಿ ಮೂತ್ರ ಮಾಡಿದ್ದು ಯಾವಾಗ ಎಂಬುದನ್ನು ನೆನಪಿಸಿಕೊಳ್ಳಿ. ಉತ್ತರ ಹೊಳೆಯದಿದ್ದರೆ, ಮಧ್ಯರಾತ್ರಿಯಾಗಿದ್ದರೂ ಕೂಡಲೇ ಹೊರಡಿ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು. ಮೂತ್ರದಲ್ಲಿ ಹರಳುಗಟ್ಟಿದ ಪುಡಿ ಮತ್ತು ಲೋಳೆ ಸೇರಿ ಅಲ್ಲಿ ಬಿರಡೆಯಂತೆ ಕೂತುಬಿಟ್ಟರೆ ಮೂತ್ರ ಪೂರ್ತಿ ಕಟ್ಟುತ್ತದೆ. ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲಿಯೇ ಏರುತ್ತಾ ಹೋಗಿ ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ. ಎರಡು ಮೂರು ದಿನಗಳಲ್ಲಿ ಪ್ರಾಣವೇ ಹೋಗಬಹುದು. ಈ ಪುಟದಲ್ಲಿರುವ ಎಲ್ಲ ಕಾಯಿಲೆಗಳಲ್ಲಿ ಅತಿ ಹೆಚ್ಚು ಅವಸರದ್ದು ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಹಲವು ವರ್ಷಗಳ ಹಿಂದೆ ವಯಸ್ಸಾದ ದಂಪತಿಗಳಿಬ್ಬರು ತರಕಾರಿ ಬುಟ್ಟಿಯಲ್ಲಿ ಹಳೆಯ ಪತ್ರಿಕೆ ಹಾಸಿ, ಮೇಲೆ ಟವೆಲ್ ಕಟ್ಟಿಕೊಂಡು, ಎರಡು ಗಂಟೆ ಬಸ್ಸಿನಲ್ಲಿ ಕೂತು ತಮ್ಮ ಬೆಕ್ಕನ್ನು ತಂದಿದ್ದರು. ಮೂರು ದಿನದಿಂದ ಹೊಟ್ಟೆ ಕಟ್ಟಿದೆಯೆಂದು ಅವರು ಹೇಳುತ್ತಿದ್ದಂತೆ ನಾನು ಬೆಕ್ಕನ್ನು ಎತ್ತಿಕೊಂಡೆ. ಹೆದರಿದ ಬೆಕ್ಕು ಎರಡು ಗಂಟೆಯ ಪ್ರಯಾಣದಲ್ಲಿ ಬುಟ್ಟಿಯನ್ನು ಒದ್ದೆ ಮಾಡದೆ ಇರುವುದು ಅಪರೂಪ. ಆದರೆ ಬುಟ್ಟಿಯ ತಳದ ಪತ್ರಿಕೆ ಗರಿಗರಿಯಾಗಿ ಒಣಗಿಯೇ ಇತ್ತು. ಹೊಟ್ಟೆಯ ಕೆಳಭಾಗದಲ್ಲಿ ಮೂತ್ರಕೋಶ ನಿಂಬೆಹಣ್ಣಿಗಿಂತ ದೊಡ್ಡದಾಗಿ, ಗಟ್ಟಿಯಾಗಿ ಕೈಗೆ ಸಿಕ್ಕಿತು. ನಾಳವನ್ನು ಬಿಡಿಸಿ, ಸಲೈನ್ ಕೊಟ್ಟು ರಾತ್ರಿಯೆಲ್ಲ ನೋಡಿಕೊಂಡರೂ ಬೆಳಗಿನ ಜಾವ ಅದು ಉಳಿಯಲಿಲ್ಲ. ಆ ಇಬ್ಬರ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ, ಮಲ ಮತ್ತು ಮೂತ್ರಕ್ಕೆ ಬೆಕ್ಕು ಒಂದೇ ರೀತಿ ಕುಳಿತು ಮುಕ್ಕುತ್ತದೆ ಎಂಬ ಒಂದು ಸಂಗತಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಆದ್ದರಿಂದ ಗುರುತುಗಳನ್ನು ತಿಳಿದುಕೊಳ್ಳಿ: ಪದೇ ಪದೇ ತಟ್ಟೆಗೆ ಹೋಗಿ ಬರಿದೇ ಎದ್ದು ಬರುವುದು, ನಡುವೆ ನೋವಿನಿಂದ ಕೂಗುವುದು, ಮೂತ್ರದ್ವಾರವನ್ನು ಒಂದೇ ಸಮನೆ ನೆಕ್ಕುವುದು, ನಂತರ ವಾಂತಿ ಮತ್ತು ಮಂಕು. ಹೊಟ್ಟೆಯನ್ನು ಒತ್ತಿ ಮೂತ್ರ ಬರಿಸಲು ನೀವೇ ಪ್ರಯತ್ನಿಸಬೇಡಿ, ತುಂಬಿದ ಕೋಶ ಒಡೆಯಬಹುದು. ಹರಳೆಣ್ಣೆಯನ್ನು ಮತ್ತೆ ಕೊಡಬೇಡಿ. ವೈದ್ಯರು ಅರಿವಳಿಕೆ ಕೊಟ್ಟು ಸಣ್ಣ ನಳಿಕೆಯಿಂದ ನಾಳವನ್ನು ಬಿಡಿಸುತ್ತಾರೆ, ಸಕಾಲದಲ್ಲಿ ಬಂದ ಬೆಕ್ಕುಗಳು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತವೆ. ಒಮ್ಮೆ ಕಟ್ಟಿದ ಬೆಕ್ಕಿಗೆ ಮತ್ತೆ ಕಟ್ಟುವ ಸಾಧ್ಯತೆ ಹೆಚ್ಚಾದ್ದರಿಂದ, ಬರೀ ಒಣ ಆಹಾರದ ಮೇಲೆ ಇಡದೆ ನೀರಿನಂಶವಿರುವ ಊಟ ಕೊಡಿ, ಮನೆಯ ಎರಡು ಮೂರು ಕಡೆ ಶುಚಿಯಾದ ನೀರಿಡಿ.

ಪ್ರಶ್ನೆ: ಎರಡೂವರೆ ತಿಂಗಳ ನಾಯಿಮರಿಗೆ ನಿನ್ನೆಯಿಂದ ವಾಂತಿ, ಇಂದು ರಕ್ತ ಬೆರೆತ ಭೇದಿ. ಒಂದು ಲಸಿಕೆ ಆಗಿದೆ ಎಂದು ಮಾರಿದವರು ಹೇಳಿದ್ದರು, ಹಾಗಾಗಿ ಪಾರ್ವೋ ಇರಲಾರದೆಂದು ಭಾವಿಸಿದ್ದೇವೆ. ಮನೆಯಲ್ಲಿ ಗ್ಲೂಕೋಸ್ ನೀರು ಕುಡಿಸುತ್ತಿದ್ದೇವೆ, ಕುಡಿದ ಕೂಡಲೇ ಕಕ್ಕುತ್ತದೆ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಒಂದು ಲಸಿಕೆ ಆಗಿರುವುದು, ಮರಿಗಳ ಕರುಳನ್ನು ಹಾಳುಮಾಡುವ ವೈರಾಣು ರೋಗವಾದ ಪಾರ್ವೋ ಇಲ್ಲವೆಂಬುದಕ್ಕೆ ಆಧಾರವಾಗದು. ತಾಯಿಯ ಗಿಣ್ಣುಹಾಲಿನ ಮೂಲಕ ಮರಿಗೆ ಬಂದ ರಕ್ಷಣೆ ಮೊದಲ ಕೆಲವು ವಾರ ರಕ್ತದಲ್ಲಿ ಉಳಿದಿದ್ದು, ಲಸಿಕೆಯ ಕೆಲಸಕ್ಕೂ ಅದೇ ಅಡ್ಡಿಯಾಗುತ್ತದೆ. ಅದು ಯಾವ ವಾರದಲ್ಲಿ ಕರಗುತ್ತದೆ ಎಂಬುದು ಮರಿಯಿಂದ ಮರಿಗೆ ಬದಲಾಗುವುದರಿಂದ, ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳ ಅಂತರದಲ್ಲಿ, ಮರಿಗೆ 16 ವಾರ ತುಂಬುವವರೆಗೂ ಲಸಿಕೆ ಹಾಕಿಸುತ್ತೇವೆ. ಈ ಸರಣಿ ಮುಗಿಯುವ ತನಕ ಮರಿ ಅಪಾಯದಲ್ಲಿಯೇ ಇರುತ್ತದೆ, ಬೀದಿಯಲ್ಲಿ ನೆಲಕ್ಕೆ ಬಿಡಬಾರದು.

ನಿಮ್ಮ ಮರಿಯನ್ನು ಈಗಿಂದೀಗಲೇ ಕರೆದೊಯ್ಯಬೇಕು. ಪಾರ್ವೋ ವೈರಾಣುವನ್ನು ನೇರವಾಗಿ ಕೊಲ್ಲುವುದಕ್ಕಿಂತ, ಮರಿ ತಾನೇ ಅದನ್ನು ಗೆಲ್ಲುವವರೆಗೆ ಜೀವ ಹಿಡಿದಿಡುವುದೇ ಚಿಕಿತ್ಸೆಯ ಮುಖ್ಯ ಭಾಗ: ರಕ್ತನಾಳದ ಮೂಲಕ ಸಲೈನ್, ವಾಂತಿ ನಿಲ್ಲಿಸುವ ಚುಚ್ಚುಮದ್ದು, ಕರುಳಿನ ಗೋಡೆ ಹರಿದು ರಕ್ತಕ್ಕೆ ಸೇರುವ ಬ್ಯಾಕ್ಟೀರಿಯಾಗಳಿಗೆ ಔಷಧಿ. ಬಾಯಿಯಿಂದ ಕೊಟ್ಟದ್ದೆಲ್ಲ ವಾಂತಿಯಾಗಿ ಹೋಗುತ್ತಿರುವಾಗ ಬಲವಂತವಾಗಿ ಕುಡಿಸಿದರೆ ಶ್ವಾಸಕೋಶಕ್ಕೆ ನುಗ್ಗಿ ಇನ್ನೊಂದು ತೊಂದರೆಯಾಗುತ್ತದೆ. ವಸಡಿಗೆ ಬೆರಳು ತಾಗಿಸಿದಾಗ ಜಿಗುಟಾಗಿದ್ದರೆ ಮರಿ ಆಗಲೇ ಒಣಗಿದೆ ಎಂದು ತಿಳಿಯಿರಿ. ಆಸ್ಪತ್ರೆಗೆ ಹೋದಾಗ ಮರಿಯನ್ನು ನೆಲಕ್ಕಿಳಿಸದೆ, ಲಸಿಕೆಗೆ ಬಂದ ಇತರ ಮರಿಗಳಿಂದ ದೂರ ನಿಂತು, ಒಳಗೆ ಮೊದಲೇ ತಿಳಿಸಿ.

ಈ ವೈರಾಣು ನೆಲದ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್ ನಂಬಬೇಡಿ, ಕೊಳೆಯನ್ನು ಮೊದಲು ತೊಳೆದು, ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು ಒರೆಸಿ. ಇದು ಮನುಷ್ಯರಿಗೆ ಹರಡುವ ಕಾಯಿಲೆಯಲ್ಲ, ಮಕ್ಕಳ ಬಗ್ಗೆ ಆತಂಕ ಬೇಡ.

ಪ್ರಶ್ನೆ: ನಾಯಿಯ ಮೈ ಯಾವಾಗಲೂ ಬಿಸಿಯಿರುತ್ತದೆ. ಜ್ವರವೆಂದು ಅರ್ಧ ಪ್ಯಾರಸಿಟಮಾಲ್ ಕೊಟ್ಟಾಗ ಏನೂ ಆಗಲಿಲ್ಲ. ಬೆಕ್ಕಿಗೂ ಕಾಲು ಮಾತ್ರೆ ಕೊಡಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಬೆಕ್ಕಿಗೆ ಕಾಲು ಮಾತ್ರೆಯಲ್ಲ, ಅದರ ಚೂರನ್ನೂ ಕೊಡಬೇಡಿ. ಪ್ಯಾರಸಿಟಮಾಲನ್ನು ನಿರಪಾಯಕಾರಿಯಾಗಿ ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ರಕ್ತ ಆಮ್ಲಜನಕ ಹೊರುವ ಗುಣವನ್ನೇ ಕಳೆದುಕೊಂಡು ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದಗಳು ಊದಿಕೊಳ್ಳುತ್ತವೆ. ಒಂದೇ ಮಾತ್ರೆಯಿಂದ ಬೆಕ್ಕು ಸಾಯಬಹುದು. ಯಾರಾದರೂ ಈಗಾಗಲೇ ಕೊಟ್ಟಿದ್ದರೆ, ಲಕ್ಷಣಗಳಿಗಾಗಿ ಕಾಯದೆ ಮಾತ್ರೆಯ ಪಟ್ಟಿಯನ್ನೂ ಜೊತೆಗೆ ಹಿಡಿದುಕೊಂಡು ಹೋಗಿ. ಇದಕ್ಕೆ ಪ್ರತ್ಯೌಷಧಿ ಇದೆ, ಬೇಗ ಕೊಟ್ಟಷ್ಟೂ ಉಳಿಸಬಹುದು.

ನಾಯಿಯ ಮೈ ಮನುಷ್ಯರ ಮೈಗಿಂತ ಸಹಜವಾಗಿಯೇ ಬಿಸಿ. 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದರ ಸಾಮಾನ್ಯ ಉಷ್ಣಾಂಶವಾದ್ದರಿಂದ, ಅಂಗೈ ಇಟ್ಟು ನೋಡಿದರೆ ಆರೋಗ್ಯವಂತ ನಾಯಿಗೂ ಜ್ವರವಿದ್ದಂತೆಯೇ ಅನ್ನಿಸುತ್ತದೆ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ಇಟ್ಟು ನೋಡುವುದೊಂದೇ ನಂಬಬಹುದಾದ ದಾರಿ. 103 ದಾಟಿ, ನಾಯಿ ಮಂಕಾಗಿದ್ದರೆ ಅದೇ ದಿನ ತೋರಿಸಿ. ನಾಯಿಗೂ ಮನೆಯ ನೋವಿನ ಮಾತ್ರೆಗಳನ್ನು ಕೊಡಬೇಡಿ. ಐಬುಪ್ರೊಫೆನ್ ಮತ್ತು ಡೈಕ್ಲೋಫೆನಾಕ್ ಅದರ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಮೂತ್ರಪಿಂಡವನ್ನೂ ಕೆಡಿಸುತ್ತವೆ. ಉಣ್ಣೆ ಜ್ವರದಲ್ಲಿ ಪ್ಲೇಟ್‌ಲೆಟ್ ಕುಸಿದಿರುವ ನಾಯಿಗೆ ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವ ಇನ್ನಷ್ಟು ಹೆಚ್ಚುತ್ತದೆ.

ಪ್ರಶ್ನೆ: ನಮ್ಮ ಮನೆಯ ನಾಯಿಗೆ ನಾವು ಉಣ್ಣುವುದನ್ನೇ ಹಾಕುತ್ತೇವೆ: ಅನ್ನ, ಸಾರು, ರೊಟ್ಟಿ, ಭಾನುವಾರ ಕೋಳಿಯ ಎಲುಬು. ಹತ್ತು ವರ್ಷ ಹೀಗೆಯೇ ಬದುಕಿದ ನಾಯಿಗಳಿವೆ. ತಪ್ಪೇನು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅನ್ನ ಮತ್ತು ರೊಟ್ಟಿಯಲ್ಲಿ ತಪ್ಪಿಲ್ಲ, ಬೇಯಿಸಿದ ಮೊಟ್ಟೆಯೋ ಮಾಂಸವೋ ಜೊತೆಗಿದ್ದರೆ ಒಳ್ಳೆಯದೇ. ತೊಂದರೆಯಿರುವುದು ಒಗ್ಗರಣೆಯಲ್ಲಿ. ಈರುಳ್ಳಿ ಮತ್ತು ಬೆಳ್ಳುಳ್ಳಿ ಹಸಿಯಾಗಿದ್ದರೂ, ಬೆಂದಿದ್ದರೂ, ಪುಡಿಯಾಗಿದ್ದರೂ ನಾಯಿ ಮತ್ತು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪರಿಣಾಮ ಕಾಣುವುದು ಕೆಲವು ದಿನಗಳ ನಂತರವಾದ್ದರಿಂದ ಮನೆಯವರಿಗೆ ಕಾರಣ ಹೊಳೆಯುವುದೇ ಇಲ್ಲ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ ಎಂಬುದು ಬಹುಕಾಲದಿಂದ ಗೊತ್ತಿತ್ತು. ಅದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬೇಕೆಂದು ಇತ್ತೀಚಿನ ವರ್ಷಗಳಲ್ಲಿ ಪಶುವೈದ್ಯರು ಗುರುತಿಸಿದ್ದಾರೆ. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಹೇರಳವಾಗಿದೆ, ಹುಣಸೆ ತಿಂದ ನಾಯಿಗಳ ಮೂತ್ರಪಿಂಡ ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಆದ್ದರಿಂದ ಸಾರು ಕಲೆಸದೆ, ಬೇಯಿಸಿದ ಬೇಳೆಯ ಕಟ್ಟನ್ನು ಒಗ್ಗರಣೆಗೆ ಮೊದಲೇ ತೆಗೆದಿಟ್ಟು ಅನ್ನಕ್ಕೆ ಬೆರೆಸಿ. ಮನೆಯಲ್ಲಿ ಇದಕ್ಕೆ ಬೇರೆ ಅಡುಗೆಯನ್ನೇನೂ ಮಾಡಬೇಕಾಗಿಲ್ಲ, ಒಂದು ಸೌಟು ಮೊದಲೇ ತೆಗೆದರೆ ಸಾಕು.

ಬೆಂದ ಎಲುಬು ಚೂಪಾಗಿ ಸೀಳುತ್ತದೆ, ಗಂಟಲಲ್ಲಿಯೋ ಕರುಳಿನಲ್ಲಿಯೋ ಸಿಕ್ಕಿಕೊಳ್ಳುತ್ತದೆ. ಎಲುಬು ತಿಂದ ನಾಯಿ ಊಟ ಬಿಟ್ಟು ವಾಂತಿ ಮಾಡಿಕೊಳ್ಳುತ್ತಿದ್ದರೆ ಅದೇ ದಿನ ತೋರಿಸಬೇಕು. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್ ಮತ್ತು ಕಪ್ಪು ಚಾಕೊಲೇಟ್ ತಿಂದಿದ್ದರೆ, ನಾಯಿ ಚೆನ್ನಾಗಿಯೇ ಕಂಡರೂ ಕೂಡಲೇ ವೈದ್ಯರಿಗೆ ಫೋನು ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಅಪಾಯಕರ.

ಪ್ರಶ್ನೆ: ಮೂರು ವರ್ಷದ ಪಗ್ ಸಾಕಿದ್ದೇವೆ. ಬೇಸಿಗೆಯಲ್ಲಿ ಬಹಳ ಏದುಸಿರು ಬಿಡುತ್ತದೆ. ಎಷ್ಟರವರೆಗೆ ಸಹಜ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಿಮ್ಮ ಊರಿನಲ್ಲಿ ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗೆ ನಿಜವಾಗಿಯೂ ಕಷ್ಟ. ನಾಯಿ ಬೆವರಿ ತಂಪಾಗುವುದಿಲ್ಲ, ಏದುಸಿರೇ ಅದರ ದಾರಿ, ಪಗ್‌ಗೆ ಆ ದಾರಿಯೇ ಇಕ್ಕಟ್ಟು. ನೆರಳಿನಲ್ಲಿ ಹತ್ತು ಹದಿನೈದು ನಿಮಿಷ ಮಲಗಿದ ಮೇಲೆ ಉಸಿರು ಸಮಸ್ಥಿತಿಗೆ ಬಂದರೆ ಸಹಜ. ಬಾರದೆ, ನಾಲಿಗೆ ಕಡುಗೆಂಪಾಗಿ ಅಥವಾ ನೀಲಿಯಾಗಿ, ಜೊಲ್ಲು ಅಂಟಂಟಾಗಿ, ನಡಿಗೆ ತಡವರಿಸಿದರೆ ಅದು ತಾಪಾಘಾತ. ಆಗ ಗಾಡಿ ಹುಡುಕುವ ಮೊದಲು ನೀರು ಹಾಕಿ. ಮಂಜುಗಡ್ಡೆ ಬೇಡ, ನಲ್ಲಿಯ ನೀರನ್ನು ಹೊಟ್ಟೆ, ಕಂಕುಳು, ತೊಡೆಸಂದಿಗೆ ಸುರಿಯುತ್ತಾ ಫ್ಯಾನ್ ಹಾಕಿ, ನಂತರ ಹೊರಡಿ. ಒದ್ದೆ ಟವೆಲನ್ನು ಮೈಮೇಲೆ ಹೊದಿಸಿಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ನಾಯಿ ಎದ್ದು ನಿಂತರೂ ವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ಮೂತ್ರಪಿಂಡಕ್ಕೆ ಆದ ಹಾನಿ ಒಂದೆರಡು ದಿನ ಕಳೆದು ಕಾಣಿಸಿಕೊಳ್ಳಬಹುದು.

ಪ್ರಶ್ನೆ: ಆಡುವಾಗ ನಮ್ಮದೇ ನಾಯಿಯ ಹಲ್ಲು ಮಗಳ ಕೈಗೆ ತಾಗಿ ಸ್ವಲ್ಪ ರಕ್ತ ಬಂತು. ನಾಯಿಗೆ ಕಳೆದ ವರ್ಷ ಲಸಿಕೆ ಹಾಕಿಸಿದ್ದೇವೆ. ಅಜ್ಜಿ ಅರಿಶಿನ ಮೆತ್ತಿದ್ದಾರೆ. ಮಗುವಿಗೆ ಚುಚ್ಚುಮದ್ದು ಬೇಕೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಬೇಕು, ಇಂದೇ. ನಾಯಿ ನಿಮ್ಮದು, ಲಸಿಕೆ ಆಗಿದೆ, ಆಟದಲ್ಲಿ ಆದದ್ದು, ಈ ಮೂರೂ ಸಮಾಧಾನದ ಸಂಗತಿಗಳೇ ಹೌದು, ಆದರೆ ಆಸ್ಪತ್ರೆಗೆ ಹೋಗದಿರಲು ಕಾರಣಗಳಲ್ಲ. ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಉಳಿಯುವುದು ಇಲ್ಲವೆಂಬಷ್ಟು ಅಪರೂಪ. ಅರಿಶಿನ, ಸುಣ್ಣ, ಕಾರದ ಪುಡಿ ಯಾವುದನ್ನೂ ಹಚ್ಚದೆ, ಹಚ್ಚಿದ್ದರೆ ಅದನ್ನು ತೊಳೆದು, ನಲ್ಲಿಯ ಹರಿಯುವ ನೀರಿನಲ್ಲಿ ಸೋಪು ಹಾಕಿ ಪೂರ್ತಿ 15 ನಿಮಿಷ ಗಾಯವನ್ನು ತೊಳೆಯಿರಿ. ಅಳುವ ಮಗುವಿನ ಕೈ ಹಿಡಿದುಕೊಂಡು ನಿಂತವರಿಗೆ 15 ನಿಮಿಷ ಬಹಳ ದೀರ್ಘವೆನಿಸುತ್ತದೆ, ಗಡಿಯಾರ ನೋಡಿಯೇ ತೊಳೆಯಿರಿ. ವೈರಾಣುವಿನ ಬಹುಪಾಲು ಗಾಯದಲ್ಲಿಯೇ ನಾಶವಾಗುವುದು ಈ ತೊಳೆಯುವಿಕೆಯಿಂದ. ರಕ್ತ ಬಂದಿರುವುದರಿಂದ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕೇ ಎಂಬುದನ್ನು ಅಲ್ಲಿನ ವೈದ್ಯರು ನಿರ್ಧರಿಸುತ್ತಾರೆ. ತೋಳಿನ ಸ್ನಾಯುವಿಗೆ ಕೊಡುವ ಲಸಿಕೆಯನ್ನು ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 3, 7, 14 ಮತ್ತು 28ನೇ ದಿನಗಳಲ್ಲಿ ಕೊಡುತ್ತಾರೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 14ನೇ ದಿನದ್ದು ಇರುವುದಿಲ್ಲ.

ಇತ್ತ ನಾಯಿಯನ್ನು ಹತ್ತು ದಿನ ಮನೆಯಲ್ಲಿಯೇ ಕಟ್ಟಿ ನೋಡಿಕೊಳ್ಳಬೇಕು. ನಾಯಿಯ ಎಂಜಲಿನಲ್ಲಿ ವೈರಾಣು ಕಾಣಿಸಿಕೊಳ್ಳುವುದು ರೋಗಲಕ್ಷಣ ಶುರುವಾಗುವ ಕೆಲವೇ ದಿನ ಮೊದಲು, ಲಕ್ಷಣ ಬಂದ ನಾಯಿ ಬೇಗನೆ ಸಾಯುತ್ತದೆ. ಹತ್ತು ದಿನ ಕಳೆದರೂ ಅದು ಆರೋಗ್ಯವಾಗಿದ್ದರೆ, ಕಚ್ಚಿದ ದಿನ ಎಂಜಲಿನಲ್ಲಿ ರೋಗವಿರಲಿಲ್ಲ ಎಂದರ್ಥ. ಆದರೆ ಆ ಹತ್ತು ದಿನ ಮಗುವಿನ ಚಿಕಿತ್ಸೆಯನ್ನು ತಡೆಹಿಡಿಯಬಾರದು; ಎರಡೂ ಒಟ್ಟಿಗೆ ನಡೆಯಲಿ, ಮುಂದಿನ ಚುಚ್ಚುಮದ್ದುಗಳ ಬಗ್ಗೆ ವೈದ್ಯರೇ ಹೇಳುತ್ತಾರೆ. ನಾಯಿಯ ವಾರ್ಷಿಕ ಲಸಿಕೆಯ ದಿನ ದಾಟಿದೆಯೇ ಎಂದು ಕಾರ್ಡಿನಲ್ಲಿ ನೋಡಿ.

ಇದರ ಜೊತೆಗೆ ಹಳ್ಳಿಗಳಲ್ಲಿ ನಾನು ಮತ್ತೆ ಮತ್ತೆ ಕಂಡ ಒಂದು ಅಪಾಯವನ್ನು ಹೇಳಲೇಬೇಕು. ನಾಯಿಯ ದವಡೆ ಜೋತುಬಿದ್ದು, ಜೊಲ್ಲು ಸುರಿಯುತ್ತಾ, ನುಂಗಲಾಗದೆ, ಬೊಗಳುವ ದನಿಯೂ ಬದಲಾಗಿದ್ದರೆ, ಎಲುಬು ಸಿಕ್ಕಿಕೊಂಡಿರಬೇಕೆಂದು ಮನೆಯವರು ಬಾಯೊಳಗೆ ಕೈ ಹಾಕುತ್ತಾರೆ. ಹುಚ್ಚು ಹಿಡಿದ ನಾಯಿ ಯಾವಾಗಲೂ ಅಟ್ಟಿಸಿಕೊಂಡು ಬರುವುದಿಲ್ಲ, ಹೀಗೆ ಸುಮ್ಮನೆ ಮೂಲೆ ಸೇರುವುದೂ ಅದೇ ರೋಗದ ಒಂದು ರೂಪ. ಕೈ ಹಾಕಬೇಡಿ, ಬಾಗಿಲು ಹಾಕಿ ಪಶುವೈದ್ಯರನ್ನು ಕರೆಯಿರಿ.

ಪ್ರಶ್ನೆ: ಏಳು ವರ್ಷದ ಹೆಣ್ಣು ನಾಯಿ, ಮರಿ ಹಾಕಿಲ್ಲ. ಬೆದೆ ಮುಗಿದು ಒಂದೂವರೆ ತಿಂಗಳಾಗಿದೆ. ಈಗ ಬಕೆಟ್‌ಗಟ್ಟಲೆ ನೀರು ಕುಡಿಯುತ್ತಿದೆ, ಊಟ ಕಡಿಮೆ. ಸೆಕೆಯಿಂದ ಇರಬಹುದೇ?
— ಓದುಗರೊಬ್ಬರು, ಉಡುಪಿ

ಉತ್ತರ: ಬೆದೆಯ ನಂತರದ ಒಂದೆರಡು ತಿಂಗಳಲ್ಲಿ ವಯಸ್ಸಾದ ಹೆಣ್ಣು ನಾಯಿ ಅತಿಯಾಗಿ ನೀರು ಕುಡಿದರೆ, ಗರ್ಭಕೋಶದಲ್ಲಿ ಕೀವು ತುಂಬಿದೆಯೇ ಎಂದು ಸ್ಕ್ಯಾನಿಂಗ್ ಮಾಡಿ ನೋಡಲೇಬೇಕು. ಸ್ರಾವ ಹೊರಗೆ ಕಾಣದಿರುವುದು ಸಮಾಧಾನದ ವಿಷಯವಲ್ಲ. ಗರ್ಭಕೋಶದ ಬಾಯಿ ಮುಚ್ಚಿಕೊಂಡು ಕೀವು ಒಳಗೇ ಉಳಿಯುವ ಬಗೆ ಹೆಚ್ಚು ಅಪಾಯಕರ. ಇಂದೇ ಹೋಗಿ. ಶಸ್ತ್ರಚಿಕಿತ್ಸೆಯೇ ನೆಚ್ಚಿನ ಪರಿಹಾರ. ಮರಿ ಬೇಡದವರು ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಕಾಯಿಲೆ ಬರುವ ಭಯವೇ ಇರುವುದಿಲ್ಲ.

ಪ್ರಶ್ನೆ: ನಮ್ಮ ನಾಯಿ ಗರಿಕೆ ತಿಂದು ವಾಂತಿ ಮಾಡುತ್ತದೆ, ಕೆಲವೊಮ್ಮೆ ಮೂಗು ಒಣಗಿರುತ್ತದೆ. ಇಷ್ಟಕ್ಕೆಲ್ಲ ವೈದ್ಯರ ಬಳಿ ಹೋಗಬೇಕೇ? ನಮ್ಮ ಹಳ್ಳಿಯಿಂದ ಆಸ್ಪತ್ರೆ 30 ಕಿಲೋಮೀಟರ್ ದೂರ, ರಾತ್ರಿ ಯಾರೂ ಸಿಗುವುದಿಲ್ಲ.
— ಓದುಗರೊಬ್ಬರು, ಶಿರಸಿ

ಉತ್ತರ: ಇಷ್ಟಕ್ಕೆ ಬೇಡ. ಎಂದಾದರೊಮ್ಮೆ ಹುಲ್ಲು ತಿಂದು ಒಂದು ಬಾರಿ ವಾಂತಿ ಮಾಡಿ, ನಂತರ ಎಂದಿನಂತೆ ಓಡಾಡಿ ಊಟ ಮಾಡುವ ನಾಯಿಗೆ ಚಿಕಿತ್ಸೆ ಬೇಕಿಲ್ಲ, ಮೂಗು ನಿದ್ದೆಯಿಂದೆದ್ದಾಗ ಒಣಗಿರುವುದು ಸಹಜ. ಒಂದು ಹೊತ್ತಿನ ಊಟ ಬಿಡುವುದನ್ನು, ರಕ್ತವಿಲ್ಲದ ಒಂದೆರಡು ಬಾರಿಯ ಭೇದಿಯನ್ನು ಬೆಳೆದ ನಾಯಿಯಲ್ಲಿ ಒಂದು ದಿನ ನೋಡಬಹುದು. ಮರಿಗಳಲ್ಲಿ ಹಾಗೆ ಕಾಯಲಾಗದು, ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ತೋರಿಸಬೇಕು.

ದೂರದ ಹಳ್ಳಿಯ ನಿಮ್ಮ ಕಷ್ಟ ನನಗೆ ಗೊತ್ತಿದೆ. ಹತ್ತಿರದ ಸರ್ಕಾರಿ ಪಶು ಚಿಕಿತ್ಸಾಲಯದ ವೈದ್ಯರ ಸಂಖ್ಯೆಯನ್ನು ಇಂದೇ ಬರೆದು ಗೋಡೆಗೆ ಅಂಟಿಸಿ. ಸಂಚಾರಿ ಪಶು ಚಿಕಿತ್ಸಾ ವಾಹನದ 1962 ಸಂಖ್ಯೆಯನ್ನೂ ಅದರ ಕೆಳಗೆ ಬರೆಯಿರಿ, ಆ ಸೇವೆ ಮುಖ್ಯವಾಗಿ ಜಾನುವಾರುಗಳಿಗೆ ಇದ್ದರೂ ಹತ್ತಿರದ ವೈದ್ಯರ ದಾರಿ ತಿಳಿಯಬಹುದು. ಫೋನಿನಲ್ಲಿ "ನಾಯಿಗೆ ಹುಷಾರಿಲ್ಲ" ಎನ್ನುವ ಬದಲು ವಯಸ್ಸು, ಅಂದಾಜು ತೂಕ, ಕೊನೆಯ ಬಾರಿ ತಿಂದದ್ದು ಮತ್ತು ಮೂತ್ರ ಮಾಡಿದ್ದು ಯಾವಾಗ, ವಸಡಿನ ಬಣ್ಣ, ಮಲಗಿರುವಾಗ ನಿಮಿಷಕ್ಕೆ ಎಷ್ಟು ಉಸಿರು, ಇಷ್ಟನ್ನು ಹೇಳಿ. ನೆಮ್ಮದಿಯಾಗಿ ಮಲಗಿರುವ ನಾಯಿಯ ಉಸಿರು ನಿಮಿಷಕ್ಕೆ 30 ದಾಟಬಾರದು. ವಾಂತಿಯ ಅಥವಾ ಫಿಟ್ಸ್‌ನ ವಿಡಿಯೊ ಇದ್ದರೆ ನಮಗೆ ಅರ್ಧ ಪರೀಕ್ಷೆ ಮುಗಿದಂತೆ. ಹಾವು ಕಚ್ಚಿದೆಯೆಂಬ ಸಂಶಯವಿದ್ದರೆ ಕಟ್ಟು ಹಾಕುವುದು, ಕೊಯ್ಯುವುದು, ಹಾವನ್ನು ಹುಡುಕುವುದು ಯಾವುದೂ ಬೇಡ. ನಾಯಿಯನ್ನು ನಡೆಸದೆ, ಹಳೆಯ ಬೆಡ್‌ಶೀಟಿನ ನಾಲ್ಕು ಮೂಲೆಗಳನ್ನು ಇಬ್ಬರು ಹಿಡಿದು ಎತ್ತಿ ಗಾಡಿಗೆ ಹಾಕಿ, ಪ್ರತಿವಿಷ ಇದೆಯೇ ಎಂದು ಆಸ್ಪತ್ರೆಗೆ ಫೋನು ಮಾಡುತ್ತಲೇ ಹೊರಡಿ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ, ಆದ್ದರಿಂದ ಎತ್ತುವ ಮೊದಲು ಹತ್ತಿಬಟ್ಟೆಯ ಪಟ್ಟಿಯಿಂದ ಮೂತಿಯನ್ನು ಸಡಿಲವಾಗಿ ಕಟ್ಟಿ. ವಾಂತಿ ಮಾಡುತ್ತಿದ್ದರೆ ಅಥವಾ ಉಸಿರಿಗೆ ಕಷ್ಟಪಡುತ್ತಿದ್ದರೆ ಮಾತ್ರ ಮೂತಿ ಕಟ್ಟಬೇಡಿ, ತಲೆಯ ಭಾಗ ಹಿಡಿಯುವವರು ದಪ್ಪ ಟವೆಲನ್ನು ಕುತ್ತಿಗೆಯ ಸುತ್ತ ಬಳಸಿ ಹಿಡಿದುಕೊಳ್ಳಿ.